ಹಳೇ ಫ್ರಿಡ್ಜ್ ಮನೆ ಬಿಟ್ಟ ಶನಿವಾರ

ಶುಕ್ರವಾರ ರಾತ್ರಿ 9ಕ್ಕೆ ಪ್ಲಗ್ ಕಿತ್ತಾಯಿತು. 180 ಲೀಟರಿನ ಒಂಟಿ ಬಾಗಿಲಿನ ಫ್ರಿಡ್ಜು, 2006ರಲ್ಲಿ ತಯಾರಾದದ್ದು. ಬೆಂಗಳೂರಿನ ಎರಡನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ವಿಲೇವಾರಿಗೆ ಸಾಗಿಸುವುದು ಶನಿವಾರ. ಹಿಂದಿನ ರಾತ್ರಿಯೇ ಆಫ್ ಮಾಡಿದ್ದು ಐಸಿನ ಕಾರಣಕ್ಕೆ. ಫ್ರೀಜರಿನಲ್ಲಿ ಎರಡು ಬೆರಳು ದಪ್ಪ ಐಸು ಕಟ್ಟಿದ್ದರೆ ಬಾಗಿಲು ತೆರೆದಿಟ್ಟರೂ ತಾನಾಗಿ ಕರಗಲು 8ರಿಂದ 12 ಗಂಟೆ ಬೇಕು. ಬೆಳಿಗ್ಗೆ ಎದ್ದು ಅವಸರಕ್ಕೆ ಚಾಕು, ಸ್ಕ್ರೂಡ್ರೈವರ್ ಹಾಕಿ ಎಬ್ಬುವವರೇ ಬಹಳ. ಈ ಮಾದರಿಯಲ್ಲಿ ಫ್ರೀಜರ್ ಪೆಟ್ಟಿಗೆಯ ಗೋಡೆಯೇ ತಂಪು ಮಾಡುವ ಗ್ಯಾಸಿನ ದಾರಿ: ಎರಡು ಅಲ್ಯೂಮಿನಿಯಂ ತಗಡುಗಳನ್ನು ಒಂದಕ್ಕೊಂದು ಒತ್ತಿ, ನಡುವೆ ಕಾಲುವೆ ಉಬ್ಬಿಸಿರುತ್ತಾರೆ. ಚಾಕುವಿನ ತುದಿ ಒಮ್ಮೆ ಜಾರಿದರೆ ಸುಯ್ ಅಂತ ಒಂದು ಶಬ್ದ, ಅಲ್ಲಿಗೆ ಮುಗಿಯಿತು.

‘ಹೇಗೂ ಎಸೆಯೋದೇ ಅಲ್ವಾ, ತೂತಾದ್ರೆ ಏನೀಗ?’ ಅನ್ನುವ ಮಾತು ಹುಟ್ಟುವುದು ಇಲ್ಲೇ. ಫ್ರಿಡ್ಜ್ ವಿಲೇವಾರಿ ಅಂದರೆ ಆ ಗ್ಯಾಸನ್ನು ಆಚೆ ಬಿಡದೆ ಸಿಲಿಂಡರಿಗೆ ಇಳಿಸುವುದು. ಮಿಕ್ಕದ್ದು ಮನೆ ಬದಲಿಸುವಾಗಿನ ಹೊರೆಯ ಕೆಲಸವೇ.

ರಾತ್ರಿ ಒಳಗೆ ಎರಡು ಹಳೇ ಟವೆಲು ಹಾಸಿ, ಬಾಗಿಲು ಮುಚ್ಚಿಕೊಳ್ಳದ ಹಾಗೆ ನಡುವೆ ಮಡಿಚಿದ ಬಟ್ಟೆ ಸಿಕ್ಕಿಸಿದ್ದಾಯಿತು. ಮರೆಯುವ ಜಾಗ ಇನ್ನೊಂದಿದೆ. ಹಿಂಭಾಗದಲ್ಲಿ, ಕಂಪ್ರೆಸರ್ ತಲೆಯ ಮೇಲೆ ಒಂದು ಪ್ಲಾಸ್ಟಿಕ್ ತಟ್ಟೆ ಕೂತಿರುತ್ತದೆ. ಫ್ರೀಜರಿನಿಂದ ಇಳಿದ ನೀರು ಅದಕ್ಕೆ ಬಂದು, ಕಂಪ್ರೆಸರಿನ ಶಾಖಕ್ಕೆ ಆರಬೇಕು. ಹದಿನೆಂಟು ವರ್ಷ ಯಾರೂ ತೊಳೆಯದ ತಟ್ಟೆ. ಕಪ್ಪು ಲೋಳೆ, ಜಿರಲೆಯ ಹಿಕ್ಕೆ, ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆಯ ಚಿಪ್ಪು. ಅದನ್ನು ಮೊದಲೇ ಬಿಡಿಸಿ ಚೆಲ್ಲದಿದ್ದರೆ ಮೆಟ್ಟಿಲಲ್ಲಿ ವಾಲಿಸಿದಾಗ ಕೆಳಗಿನಿಂದ ಹಿಡಿದವನ ಅಂಗಿಯ ಮೇಲೇ ಬೀಳುತ್ತದೆ. ತಟ್ಟೆ ಎರಡು ಕ್ಲಿಪ್ಪಿನಲ್ಲಿ ನಿಂತಿರುತ್ತದೆ, ಮೇಲಕ್ಕೆತ್ತಿ ಎಳೆದರೆ ಬರುತ್ತದೆ.

ಬೆಳಿಗ್ಗೆ ಮೊದಲು ನೋಡಿದ್ದು ಲೇಬಲ್. ಫ್ರಿಡ್ಜಿನ ಬೆನ್ನಿಗೆ ಕಂಪ್ರೆಸರಿನ ಹತ್ತಿರ, ಕೆಲವದರಲ್ಲಿ ಒಳಗೆ ತರಕಾರಿ ಟ್ರೇಯ ಪಕ್ಕ, ಮಾಡೆಲ್ ನಂಬರಿನ ಜೊತೆ ಗ್ಯಾಸಿನ ಹೆಸರು ಮತ್ತು ತೂಕ ಇರುತ್ತದೆ. ಇದರಲ್ಲಿ ‘ಆರ್-134ಎ, 110 ಗ್ರಾಂ’. ಭಾರತದಲ್ಲಿ 2003ರ ಜನವರಿ 1ರಿಂದ ಹೊಸ ಫ್ರಿಡ್ಜುಗಳಲ್ಲಿ ಸಿಎಫ್‌ಸಿ ಎಂಬ ಗುಂಪಿನ ಗ್ಯಾಸುಗಳ ಬಳಕೆ ನಿಂತಿತು. ಅದಕ್ಕೂ ಹಿಂದಿನ ಫ್ರಿಡ್ಜಾದರೆ ಆ ಗುಂಪಿನ ಆರ್-12 ಇರುವ ಸಂಭವವೇ ಹೆಚ್ಚು, ಓಜೋನ್ ಪದರ ತಿನ್ನುವ ಗ್ಯಾಸು ಅದೇ. ಈಚಿನವುಗಳಲ್ಲಿ ಆರ್-600ಎ, ಅಂದರೆ ಐಸೊಬ್ಯುಟೇನ್. ಅಂಥವುಗಳ ಕಂಪ್ರೆಸರಿನ ಮೇಲೆ ಬೆಂಕಿಯ ಚಿತ್ರದ ಹಳದಿ ತ್ರಿಕೋನ ಅಂಟಿಸಿರುತ್ತಾರೆ.

110 ಗ್ರಾಂ ಅಂದರೆ ಒಂದು ಲೋಟ ಸಕ್ಕರೆಯಷ್ಟೂ ಇಲ್ಲವಲ್ಲ ಅನಿಸುತ್ತದೆ. ಆದರೆ ಆರ್-134ಎ ಬಿಸಿ ಹಿಡಿದಿಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿನ ಸುಮಾರು 1,430 ಪಟ್ಟು. ಲೆಕ್ಕ ಹಾಕಿದರೆ 110 ಗ್ರಾಂ ಗಾಳಿಗೆ ಬಿಟ್ಟದ್ದು 157 ಕೆಜಿ ಡೈ ಆಕ್ಸೈಡ್ ಬಿಟ್ಟದ್ದಕ್ಕೆ ಸಮ. ಒಂದು ಲೀಟರ್ ಪೆಟ್ರೋಲು ಉರಿದರೆ 2.3 ಕೆಜಿ; ಲೀಟರಿಗೆ 45 ಕೊಡುವ ಬೈಕು 3,000 ಕಿ.ಮೀ. ಓಡಿದ ಹೊಗೆ ಅದು. ಆರ್-12 ಆಗಿದ್ದರೆ ಸುಮಾರು 10,900 ಪಟ್ಟು, ಬೈಕಿನ ಲೆಕ್ಕವೇ ಬೇಡ. ಐಸೊಬ್ಯುಟೇನಿನದು ಹವೆಯ ದೃಷ್ಟಿಯಿಂದ ಏನೂ ಅಲ್ಲ ಅನ್ನುವಷ್ಟು ಕಮ್ಮಿ. ಅಲ್ಲಿ ಭಯ ಬೇರೆ, ಅದು ಅಡುಗೆ ಗ್ಯಾಸಿನ ದಾಯಾದಿ. ಗಾಳಿಗಿಂತ ಎರಡು ಪಟ್ಟು ಭಾರ, ನೆಲದ ಮೇಲೆ ಹರಡಿ ಕೂರುತ್ತದೆ, ಗಾಳಿಯಲ್ಲಿ ಶೇ. 1.8 ಸೇರಿದರೆ ಕಿಡಿಗೆ ಕಾದಿರುತ್ತದೆ. ಅಂಥ ಫ್ರಿಡ್ಜಿನ ಪೈಪು ಮನೆಯೊಳಗೇ ಮುರಿದರೆ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು ಹೊರಗೆ ಬರಬೇಕು.

ಲೇಬಲನ್ನು ಪೂರ್ತಿ ನಂಬುವ ಹಾಗೂ ಇಲ್ಲ. ಗ್ಯಾಸು ಖಾಲಿಯಾಗಿ ಮೆಕ್ಯಾನಿಕ್ ಒಮ್ಮೆ ತುಂಬಿದ್ದರೆ ಒಳಗೆ ಬೇರೆಯದೇ ಇರಬಹುದು. ಆರ್-12ರ ಹಳೇ ಫ್ರಿಡ್ಜುಗಳಿಗೆ ಉರಿಯುವ ಹೈಡ್ರೊಕಾರ್ಬನ್ ಮಿಶ್ರಣ ತುಂಬುವುದು ರಿಪೇರಿ ಅಂಗಡಿಗಳಲ್ಲಿ ನಡೆದು ಬಂದದ್ದೇ. ಗುರುತು ಹಿಡಿಯುವುದು ಕಂಪ್ರೆಸರಿನಿಂದ ಹೊರಟು ಎಲ್ಲಿಗೂ ಹೋಗದೆ ನಿಲ್ಲುವ ಗೇಣುದ್ದದ ತಾಮ್ರದ ಕೊಳವೆಯಿಂದ. ಗ್ಯಾಸ್ ತುಂಬುವುದು ಅದರಿಂದಲೇ. ಕಾರ್ಖಾನೆಯದಾದರೆ ತುದಿಯನ್ನು ಚಪ್ಪಟೆಯಾಗಿ ಅಮುಕಿ, ಬೆಸುಗೆಯ ಒಂದು ಹನಿ ಇಟ್ಟು ಮುಚ್ಚಿರುತ್ತಾರೆ. ಅಲ್ಲಿ ಹಿತ್ತಾಳೆಯ ವಾಲ್ವೊಂದು ಕೂತಿದ್ದರೆ ಅಥವಾ ಎರಡು ಮೂರು ಕಡೆ ಅಮುಕಿದ ಗುರುತಿದ್ದರೆ ಯಾರೋ ಕೈ ಹಾಕಿದ್ದಾರೆಂದೇ ಅರ್ಥ. ಈ ಫ್ರಿಡ್ಜಿನದು ಕಾರ್ಖಾನೆಯ ಮುಚ್ಚಿಗೆ, ಮೇಲೆ ಧೂಳಿನ ಪದರ, ಬೆರಳ ಗುರುತೂ ಇಲ್ಲ.

ಹತ್ತು ಗಂಟೆಗೆ ಬೀದಿಯಲ್ಲಿ ಗುಜರಿ ಗಾಡಿ ಬಂತು. ಒಂದು ಸುತ್ತು ಹಾಕಿ, ಬಗ್ಗಿ, ಕಂಪ್ರೆಸರಿಗೆ ಎರಡು ಸಲ ತಟ್ಟಿ ನೋಡಿ, ಆಮೇಲೆ ದರ ಹೇಳಿದ್ದು. ‘ಕಂಪ್ರೆಸರ್ ಇಲ್ಲದಿದ್ರೆ ಅರ್ಧ’ ಅನ್ನುವ ಮಾತು ಬರದ ಗುಜರಿ ವ್ಯಾಪಾರವೇ ಇಲ್ಲ. 8 ಕೆಜಿ ತೂಗುವ ಆ ಕಪ್ಪು ಗಡಿಗೆಯೊಳಗೆ ತಾಮ್ರದ ಸುತ್ತು ಒಂದು ಕೆಜಿ ಸಿಕ್ಕರೆ ಹೆಚ್ಚು, ಕೆಲವದರಲ್ಲಿ ಅಲ್ಯೂಮಿನಿಯಂ ಸುತ್ತು ಇದ್ದು ಒಡೆದವನಿಗೆ ನಿರಾಸೆ. ಆ ಒಂದು ಕೆಜಿಗಾಗಿ ಕಟರಿನಿಂದ ಪೈಪು ಕತ್ತರಿಸುತ್ತಾರೆ, ಗ್ಯಾಸು ಹೋಯಿತು. ಗಡಿಗೆ ಬೋರಲು ಹಾಕುತ್ತಾರೆ, ಎಣ್ಣೆ ಚರಂಡಿಗೆ. ವೈರಿನ ಹೊದಿಕೆಯನ್ನೂ ಗೋಡೆಯೊಳಗಿನ ಪಾಲಿಯುರೆಥೇನ್ ಫೋಮನ್ನೂ ಸುಡುತ್ತಾರೆ, ಆ ಫೋಮು ಉರಿದರೆ ಕಾರ್ಬನ್ ಮೊನಾಕ್ಸೈಡ್ ಜೊತೆ ಹೈಡ್ರೊಜನ್ ಸಯನೈಡ್ ಬರುತ್ತದೆ. ಕಟರ್ ಬಿಟ್ಟು ಗ್ಯಾಸ್ ಟಾರ್ಚಿನಿಂದ ಪೈಪು ಬಿಡಿಸಿದರೆ ಇನ್ನೂ ಕೇಡು, ಆರ್-134ಎ ಜ್ವಾಲೆಗೆ ಸಿಕ್ಕು ಹೈಡ್ರೊಜನ್ ಫ್ಲೋರೈಡ್ ಆಗುತ್ತದೆ, ಮೂಗು ಗಂಟಲು ಸುಡುವಂಥದ್ದು. ಗುಜರಿಯವರನ್ನು ಬೈದು ಫಲವಿಲ್ಲ. ಕಾಗದ, ಕಬ್ಬಿಣ, ಬಾಟಲಿ ಬೇರೆ ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಫ್ರಿಡ್ಜಿಗೆ ಬೇಕಾದ ಯಂತ್ರ ಅವರ ಬಳಿ ಇಲ್ಲ, ಅಷ್ಟೇ.

‘ಕೆಲಸದವರಿಗೆ ಕೊಟ್ಟುಬಿಡಿ, ಪುಣ್ಯ ಬರುತ್ತೆ’ ಅಂತ ಪಕ್ಕದ ಮನೆಯ ಸಲಹೆಯೂ ಬಂತು. ಬಾಗಿಲಂಚಿನ ರಬ್ಬರು (ಗ್ಯಾಸ್ಕೆಟ್) ಸಡಿಲವಾಗಿ, ಕಂಪ್ರೆಸರ್ ನಿಲ್ಲದೆ ಓಡುವ ಹಳೇ ಫ್ರಿಡ್ಜು ದಿನಕ್ಕೆ ಒಂದೂವರೆಯಿಂದ ಎರಡು ಯೂನಿಟ್ ಸಲೀಸಾಗಿ ತಿನ್ನುತ್ತದೆ, ತಿಂಗಳಿಗೆ 45ರಿಂದ 60. ಗೃಹಜ್ಯೋತಿಯ ಉಚಿತ ವಿದ್ಯುತ್ತು 200 ಯೂನಿಟ್‌ವರೆಗೆ ಅಂದರೂ ಪ್ರತಿ ಮನೆಗೂ ಅದರ ಹಳೇ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿದ ಮಿತಿ ಇದೆ. ಮಿತಿ ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಪುಣ್ಯ ಕೊಟ್ಟವರಿಗೆ, ಬಿಲ್ಲು ತೆಗೆದುಕೊಂಡವರಿಗೆ.

ಇ-ತ್ಯಾಜ್ಯ (ನಿರ್ವಹಣೆ) ನಿಯಮ, 2022 ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಫ್ರಿಡ್ಜು ಅದರ ಪಟ್ಟಿಯಲ್ಲಿದೆ. ನಿಯಮದ ಭಾರ ಮುಖ್ಯವಾಗಿ ತಯಾರಕರ ಮೇಲೆ. ಮಾರಿದ್ದಕ್ಕೆ ತಕ್ಕಷ್ಟು ಹಳೆಯದು ನೋಂದಾಯಿತ ಮರುಬಳಕೆದಾರರಲ್ಲಿ ಕರಗಿದೆ ಎಂದು ಅವರು ಪ್ರಮಾಣಪತ್ರ ತೋರಿಸಬೇಕು. ವರ್ಷದಲ್ಲಿ ಸಾವಿರ ಅಥವಾ ಅದಕ್ಕೂ ಹೆಚ್ಚು ಉಪಕರಣ ಬಳಸುವ ಸಂಸ್ಥೆಗಳಿಗೆ ನೋಂದಾಯಿತರಿಗೇ ಕೊಡಬೇಕೆಂಬ ನೇರ ಕಟ್ಟಳೆ ಇದೆ. ಒಂದು ಮನೆಗೆ ಇದರಿಂದ ಆಗುವ ಉಪಯೋಗ ಇಷ್ಟು: ಫ್ರಿಡ್ಜಿನ ಮೇಲೆ ಯಾವ ಕಂಪನಿಯ ಹೆಸರಿದೆಯೋ ಅದರ ಗ್ರಾಹಕ ಸಂಖ್ಯೆಗೆ ಕರೆ ಮಾಡಿ ‘ಇ-ವೇಸ್ಟ್ ಪಿಕಪ್’ ಕೇಳಬಹುದು. ಇಲ್ಲವೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ನೋಂದಾಯಿತ ಮರುಬಳಕೆದಾರರ ಪಟ್ಟಿ ನೋಡಬಹುದು. ವಿಚಾರಿಸಲು ನಮ್ಮ ರಾಜ್ಯ ಮಂಡಳಿಯ ಕಚೇರಿ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿದೆ. ದೇಶದಲ್ಲಿ ಮೊದಮೊದಲು ಅನುಮತಿ ಪಡೆದ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ ಇರುವುದು ಬೆಂಗಳೂರಿನಾಚೆ ದಾಬಸ್‌ಪೇಟೆಯಲ್ಲೇ, ಹಾಗಾಗಿ ಈ ಊರಿನವರಿಗೆ ದೂರದ ನೆಪ ಸಲ್ಲ.

ಫೋನಿನಲ್ಲಿ ಕೇಳಬೇಕಾದ್ದು ಮೂರೇ ಪ್ರಶ್ನೆ. ಫ್ರಿಡ್ಜು ತೆಗೆದುಕೊಳ್ಳುತ್ತೀರಾ (ಕಂಪ್ಯೂಟರು, ಮೊಬೈಲಿಗಷ್ಟೇ ನೋಂದಣಿ ಇರುವವರು ಬಹಳ)? ಗ್ಯಾಸು ಹೇಗೆ ತೆಗೆಯುತ್ತೀರಿ? ಸೀರಿಯಲ್ ನಂಬರ್ ಬರೆದ ರಸೀದಿ ಕೊಡುತ್ತೀರಾ? ಎರಡನೆಯದಕ್ಕೆ ‘ಅದೆಲ್ಲ ನಾವು ನೋಡ್ಕೊತೀವಿ ಸಾರ್’ ಅಂತ ಬಂದರೆ ಫೋನ್ ಇಡಬಹುದು. ಹೊಸದು ಕೊಂಡಾಗ ಎಕ್ಸ್‌ಚೇಂಜಿನಲ್ಲಿ ಹಳೆಯದನ್ನು ಒಯ್ಯುವ ಅಂಗಡಿಗೂ ಇದೇ ಪ್ರಶ್ನೆ. ಉತ್ತರ ತಡವರಿಸಿದರೆ ಅದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೋ ಕಂಪ್ರೆಸರ್ ಕೀಳುವ ಶೆಡ್ಡಿಗೋ ಹೋಗುತ್ತದೆ ಅಂತಲೇ ತಿಳಿಯಬೇಕು.

ಮಧ್ಯಾಹ್ನ ಇಳಿಸುವ ಕೆಲಸ. ಈ ಗಾತ್ರದ್ದು 35 ಕೆಜಿ ಆಸುಪಾಸು, ಭಾರ ಹೆಚ್ಚು ಬುಡದ ಕಡೆಗೇ. ಮೊದಲು ಬಾಗಿಲು ಬಿಚ್ಚಿದ್ದು: ಮೇಲಿನ ಹಿಂಜಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಸ್ಕ್ರೂಗಳನ್ನು ಬಿಡಿಸಿ, ಬಾಗಿಲನ್ನು ನೇರ ಮೇಲೆತ್ತಿದರೆ ಕೆಳಗಿನ ಗೂಟದಿಂದ ಕಳಚುತ್ತದೆ. ಭಾರ ಕಡಿಮೆಯಾಗುವುದು ಒಂದು ಲಾಭ. ದೊಡ್ಡ ಕಾರಣ ಮಕ್ಕಳು. ಕಾಂಪೌಂಡಿನಲ್ಲಿ, ಸೈಟಿನಲ್ಲಿ ಬಿಟ್ಟ ಫ್ರಿಡ್ಜು ಕಣ್ಣಾಮುಚ್ಚಾಲೆಗೆ ಹೇಳಿ ಮಾಡಿಸಿದ ಜಾಗ. ಹಳೇ ಕಾಲದ ಚಿಲಕದ ಹಿಡಿ ಇರುವವು ಒಳಗಿನಿಂದ ತೆರೆಯುವುದೇ ಇಲ್ಲ. ಅಯಸ್ಕಾಂತದ ರಬ್ಬರು ತಳ್ಳಿದರೆ ಬಿಡುತ್ತದೆ, ಆದರೆ ಬಾಗಿಲು ಗೋಡೆಗೆ ಒರಗಿದ್ದರೆ ಅದೂ ಇಲ್ಲ. ಗಾಡಿ ಬರುವುದು ನಾಳೆ ಅಂತಾದರೆ ಬಾಗಿಲಿಲ್ಲದ ಫ್ರಿಡ್ಜನ್ನೇ ಹೊರಗಿಡಬೇಕು.

ಗಾಜಿನ ತಟ್ಟೆಗಳನ್ನು ಬೇರೆ ಸುತ್ತಿಟ್ಟು, ವೈರನ್ನು ಸುರುಳಿ ಮಾಡಿ ಬೆನ್ನಿಗೆ ಟೇಪು ಹಾಕಿ, ಇಬ್ಬರು ಹಿಡಿದರು. ಬುಡ ಮುಂದೆ, ಬಲವಾದವನು ಕೆಳಗೆ. ಹಿಂಬದಿಯ ಕಪ್ಪು ಜಾಲರಿಯನ್ನು ಹಿಡಿಕೆ ಅಂತ ಹಿಡಿಯಬಾರದು. ಅದು ಕಂಡೆನ್ಸರು, ಅಂದರೆ ಗ್ಯಾಸು ಶಾಖ ಬಿಡುತ್ತಾ ಓಡುವ ಕೊಳವೆ; ಬೆಸುಗೆ ಬಿಟ್ಟರೆ ರಾತ್ರಿಯಿಂದ ಕಾಪಾಡಿದ ಗ್ಯಾಸು ಮೆಟ್ಟಿಲ ಮೇಲೇ ಮುಗಿಯಿತು. ಮೊದಲ ತಿರುವಿನಲ್ಲಿ ಮೇಲಿನವನ ಕೈ ತಾನಾಗಿ ಅಲ್ಲಿಗೇ ಹೋಯಿತು, ಎಲ್ಲರ ಕೈಯೂ ಹೋಗುತ್ತದೆ. ಸರಿಯಾದ ದಾರಿ ಅಂದರೆ ಬುಡಕ್ಕೆ ಅಗಲ ಪಟ್ಟಿ ಹಾಯಿಸಿ ಹೆಗಲಿಗೆ ತೆಗೆದುಕೊಳ್ಳುವುದು. ಲಗೇಜ್ ಆಟೋದಲ್ಲಿ ನಿಲ್ಲಿಸಿಯೇ ಕಟ್ಟಬೇಕು. ಎಸೆಯುವ ಫ್ರಿಡ್ಜಾದರೂ ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ನುಗ್ಗಿ ಆಮೇಲೆ ಗ್ಯಾಸು ಎಳೆಯುವಾಗ ಯಂತ್ರದೊಳಕ್ಕೆ ಬರುತ್ತದೆ.

ನೋಂದಾಯಿತ ಮರುಬಳಕೆ ಘಟಕದಲ್ಲಿ ಆದದ್ದು ಹೀಗೆ. ಆ ಗೇಣುದ್ದದ ಕೊಳವೆಗೆ ಚುಚ್ಚುವ ವಾಲ್ವ್ ಬಿಗಿದು, ಹೋಸನ್ನು ಗ್ಯಾಸು ಎಳೆಯುವ ರಿಕವರಿ ಯಂತ್ರಕ್ಕೆ, ಅಲ್ಲಿಂದ ತಕ್ಕಡಿಯ ಮೇಲೆ ಕೂತ ಸಿಲಿಂಡರಿಗೆ. ಸಿಲಿಂಡರನ್ನು ಶೇ. 80ಕ್ಕಿಂತ ತುಂಬುವಂತಿಲ್ಲ, ಬಿಸಿಲಿಗೆ ಗ್ಯಾಸು ಹಿಗ್ಗಲು ಜಾಗ ಬೇಕು. ಬೇರೆ ಬೇರೆ ಗ್ಯಾಸು ಒಂದೇ ಸಿಲಿಂಡರಿಗೆ ಬೆರೆಸುವಂತಿಲ್ಲ, ಬೆರೆತದ್ದು ಮರುಬಳಕೆಗೆ ಬಾರದೆ ನಾಶಕ್ಕೇ ಹೋಗಬೇಕು. ಐಸೊಬ್ಯುಟೇನಿಗೆ ಈ ಯಂತ್ರ ಹಚ್ಚುವಂತಿಲ್ಲ, ಕಿಡಿ ಬಾರದ ಬೇರೆಯದೇ ಬೇಕು. ಒತ್ತಡ ಅಳೆಯುವ ಗೇಜಿನ ಮುಳ್ಳು ನಿರ್ವಾತಕ್ಕೆ ಇಳಿದ ಕೂಡಲೇ ‘ಆಯ್ತು’ ಅಂತ ಬಿಡುವುದು ಮಾಮೂಲಿ ತಪ್ಪು. ಐದು ನಿಮಿಷ ಬಿಟ್ಟು ನೋಡಿದರೆ ಮುಳ್ಳು ಮತ್ತೆ ಮೇಲೇರಿತ್ತು: ಎಣ್ಣೆಯಲ್ಲಿ ಕರಗಿದ್ದ ಗ್ಯಾಸು ಸೋಡಾದಂತೆ ಬಿಡುಗಡೆಯಾಗುತ್ತಿರುತ್ತದೆ. ಕಂಪ್ರೆಸರಿನ ಬುಡಕ್ಕೆ ಬಿಸಿಗಾಳಿ ಹಿಡಿದು, ರಬ್ಬರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಎಳೆದದ್ದು. ಎರಡನೇ ಸಲವೂ ಏರಿತು, ಮೂರನೇ ಸಲ ನಿಂತಿತು. ತಕ್ಕಡಿಯಲ್ಲಿ 90 ಗ್ರಾಂ ದಾಟಿತ್ತು. ಮಿಕ್ಕದ್ದು ವರ್ಷಗಳಲ್ಲಿ ಸೋರಿದ್ದು ಸ್ವಲ್ಪ, ಇನ್ನೂ ಎಣ್ಣೆಯೊಳಗೇ ಇರುವುದು ಸ್ವಲ್ಪ. ಆಮೇಲಷ್ಟೇ ಪೈಪಿಗೆ ಕಟರು. ಎಣ್ಣೆ ಒಂದು ಲೋಟದಷ್ಟು, ಡಬ್ಬಿಗೆ. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯದ ನಿಯಮಕ್ಕೆ ಬರುತ್ತದೆ.

ಕಂಪ್ರೆಸರ್ ಹೋದ ಮೇಲೆ ಉಳಿದ ಪೆಟ್ಟಿಗೆಯನ್ನು ಬರೀ ತಗಡು ಅಂದುಕೊಳ್ಳುತ್ತಾರೆ. ಗೋಡೆಯೊಳಗಿನ 3-4 ಕೆಜಿ ಹಳದಿ ಫೋಮಿನ ಒಂದೊಂದು ಗುಳ್ಳೆಯಲ್ಲೂ ಅದನ್ನು ಉಬ್ಬಿಸಿದ ಗ್ಯಾಸು ಕೂತಿದೆ, ಪೈಪಿನಲ್ಲಿದ್ದದ್ದಕ್ಕಿಂತ ಹೆಚ್ಚು. ಆ ಕಾಲದ ಫ್ರಿಡ್ಜುಗಳಲ್ಲಿ ಅದು ಹೆಚ್ಚಾಗಿ ಎಚ್‌ಸಿಎಫ್‌ಸಿ-141ಬಿ, ಭಾರತ 2020ರ ಜನವರಿ 1ರಿಂದ ಕೈಬಿಟ್ಟದ್ದು, ಇಲ್ಲವೇ ಉರಿಯುವ ಸೈಕ್ಲೊಪೆಂಟೇನ್. ಇದನ್ನು ಹಿಡಿಯಬೇಕಾದರೆ ಪೆಟ್ಟಿಗೆಯನ್ನು ಮುಚ್ಚಿದ ಕೋಣೆಯಲ್ಲೇ ಪುಡಿ ಮಾಡಿ ಗಾಳಿಯನ್ನು ಸೋಸಬೇಕು. ದುಬಾರಿ ಯಂತ್ರ, ಎಲ್ಲ ಕಡೆ ಇಲ್ಲ. ನಿಯಮದ ಪ್ರಮಾಣಪತ್ರ ಹುಟ್ಟುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ತೂಕಕ್ಕೆ. ಫೋಮಿಗೆ ಕಾಸಿಲ್ಲ, ಕಾಸಿಲ್ಲದ ಕಡೆ ಕೈ ನಿಧಾನ. ಇಲ್ಲೂ ಆ ಶನಿವಾರ ಪೆಟ್ಟಿಗೆಗಳು ಶೆಡ್ಡಿನ ಒಂದು ಮೂಲೆಯಲ್ಲಿ ಸಾಲಾಗಿ ನಿಂತಿದ್ದವು, ಕಂಪ್ರೆಸರುಗಳು ಮಾತ್ರ ಆಗಲೇ ಕ್ರೇಟು ತುಂಬಿದ್ದವು.

ರಸೀದಿಯಲ್ಲಿ ಮಾಡೆಲ್, ಸೀರಿಯಲ್ ನಂಬರ್, 34 ಕೆಜಿ, ದಿನಾಂಕ, ಘಟಕದ ನೋಂದಣಿ ಸಂಖ್ಯೆ. ಗುಜರಿಯವನು ಹೇಳಿದ್ದಕ್ಕಿಂತ ಕಮ್ಮಿ ದುಡ್ಡು. ಆಟೋ ಬಾಡಿಗೆ ಕಳೆದರೆ ಕೈಯಿಂದಲೇ ಹೋದದ್ದು. ಗಾಜಿನ ತಟ್ಟೆಗಳನ್ನು ಅವರೇ ಇಟ್ಟುಕೊಂಡರು, ಗಟ್ಟಿಗಾಜನ್ನು ಬಾಟಲಿ ಗಾಜಿನ ಜೊತೆ ಹಾಕುವಂತಿಲ್ಲ. ತರಕಾರಿ ಟ್ರೇ ಮಾತ್ರ ಬೆಳಿಗ್ಗೆಯೇ ಮನೆಯ ತಾರಸಿ ಸೇರಿತ್ತು. ತಳಕ್ಕೆ ಬಿಸಿ ಮೊಳೆಯಿಂದ ಆರು ತೂತು, ಎರಡು ಕಟ್ಟು ಕೊತ್ತಂಬರಿಗೆ ಆಗುವಷ್ಟು ಮಣ್ಣು ಹಿಡಿಯುತ್ತದೆ.