ಚಕ್ಕಡಿ ಭಾಷೆಯ ಪ್ರಗತಿ: ಯಾರೂ ಕರೆಯದ ಫಂಕ್ಷನ್‌ಗಳನ್ನು ತೆಗೆಯಬೇಕೇ?

ನಾನು ಕಟ್ಟುತ್ತಿರುವ ಕನ್ನಡದ ಪ್ರೋಗ್ರಾಮಿಂಗ್ ಭಾಷೆ ಚಕ್ಕಡಿ ಕೊನೆಗೂ ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಬೋರ್ಡಿನ ಮೇಲೆ ಓಡಿತು. ಪಾರ್ಸರ್, ಬೈಟ್‌ಕೋಡ್, ಮೆಮೊರಿ ನಿರ್ವಹಣೆಯ ಬಗ್ಗೆ ಈ ಸಲ ಬರೆಯುವುದಿಲ್ಲ. ಅಲ್ಲಿ ಎಲ್ಲವೂ ಹಿಂದಿನಂತೆಯೇ ಇದೆ. ತಲೆ ತಿಂದದ್ದು ಪೂರ್ತಿ ಬೇರೆ ವಿಷಯ: ಪ್ರಮಾಣಿತ ಲೈಬ್ರರಿಯಲ್ಲಿ (ಭಾಷೆಯ ಜೊತೆಗೇ ಬರುವ ಸಿದ್ಧ ಫಂಕ್ಷನ್‌ಗಳ ಸಂಗ್ರಹ) ಅಪರೂಪಕ್ಕೊಮ್ಮೆ ಬಳಕೆಯಾಗುವ ಫಂಕ್ಷನ್‌ಗಳನ್ನು ಕಿತ್ತುಹಾಕಬೇಕೇ, ಇಟ್ಟುಕೊಳ್ಳಬೇಕೇ?

ಈ ಪ್ರಶ್ನೆ ಎದ್ದದ್ದು ಒಬ್ಬ ಬಿಡಿಭಾಗ ಮಾರಾಟಗಾರನ ಕೃಪೆಯಿಂದ. 4 ಎಂಬಿ ಫ್ಲ್ಯಾಶ್ (ಪ್ರೋಗ್ರಾಂ ಕೂರುವ ಮೆಮೊರಿ) ಇರುವ ಬೋರ್ಡುಗಳೆಂದು ಹಣ ಪಡೆದು ಕಳಿಸಿದ. ಬೋರ್ಡಿನ ಜೊತೆ ಮಾತಾಡುವ ಇಎಸ್‌ಪಿಟೂಲ್ ಎಂಬ ಸಾಧನದಿಂದ ಫ್ಲ್ಯಾಶ್ ಗುರುತು ಕೇಳಿದರೆ ಪ್ರತಿ ಬೋರ್ಡೂ 2 ಎಂಬಿ ಎಂದಿತು. ಫೋನ್ ಮಾಡಿದರೆ, "ಸರ್, ಚೀಲದ ಮೇಲೆ 4 ಎಂದೇ ಇದೆ, ಇನ್ನೊಮ್ಮೆ ನೋಡಿ" ಎನ್ನುತ್ತಾನೆ. ಚೀಲದಲ್ಲಿ ಪ್ರೋಗ್ರಾಂ ತುಂಬುವ ಉಪಾಯವನ್ನೂ ಅವನೇ ಹೇಳಿಕೊಡಬೇಕಿತ್ತು! ದಾವಣಗೆರೆಯಲ್ಲಿ ಪಂಪಿನ ಸ್ಟಾರ್ಟರ್, ವೈಂಡಿಂಗ್ ತಂತಿ, ಕೆಪಾಸಿಟರ್ ಬೇಕೆಂದರೆ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತರಬಹುದು. ಇಂಥ ಬೋರ್ಡಿಗೆ ಮಾತ್ರ ಕೊರಿಯರ್ ದಾರಿ ಕಾಯಬೇಕು, ಬಂದದ್ದನ್ನು ಹಿಂದಿರುಗಿಸಲು ಇನ್ನೊಮ್ಮೆ ಕಾಯಬೇಕು. ನಾನು ಹಿಂದಿರುಗಿಸಲಿಲ್ಲ. ಇದ್ದ 2 ಎಂಬಿಯಲ್ಲೇ ಭಾಷೆಯನ್ನು ಹಿಡಿಸೋಣ ಎಂದು ಹಟ ಹಿಡಿದೆ.

ವೈಫೈ ಮೂಲಕ ಹೊಸ ಆವೃತ್ತಿ ತುಂಬಬೇಕಾದರೆ ಫ್ಲ್ಯಾಶ್‌ನಲ್ಲಿ ಪ್ರೋಗ್ರಾಂಗೆ ಎರಡು ಜಾಗ ಬೇಕು, ಓಡುತ್ತಿರುವುದಕ್ಕೊಂದು, ಹೊಸದಕ್ಕೊಂದು. ಅಂದರೆ ಪ್ರತಿಯೊಂದಕ್ಕೂ 1 ಎಂಬಿಗಿಂತ ಕಡಿಮೆ, ಅದರಲ್ಲಿ ದೊಡ್ಡ ಪಾಲನ್ನು ವೈಫೈ ನಡೆಸುವ ಕೋಡೇ ನುಂಗುತ್ತದೆ. ಬಳಕೆಯಾಗದ ಫಂಕ್ಷನ್‌ಗಳನ್ನು ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಒಂದೇ ಪ್ರೋಗ್ರಾಂ ಆಗಿ ಜೋಡಿಸುವ ಸಾಧನ) ತಾನೇ ತೆಗೆಯುತ್ತದೆಯಲ್ಲ ಎಂದು ನೀವು ಕೇಳಬಹುದು. ತೆಗೆಯುವುದಿಲ್ಲ. ಚಕ್ಕಡಿ ಕಡತಗಳನ್ನು ಓಡಿಸುವ ಇಂಟರ್‌ಪ್ರಿಟರ್‌ನ ಹೊಟ್ಟೆಯಲ್ಲಿ ಹೆಸರು ಮತ್ತು ಪಾಯಿಂಟರ್‌ಗಳ ಒಂದು ದೊಡ್ಡ ಕೋಷ್ಟಕ ಇದೆ. ಲೈಬ್ರರಿಯ ಪ್ರತಿ ಫಂಕ್ಷನ್‌ನ ವಿಳಾಸವೂ ಅಲ್ಲಿದೆ. ಲಿಂಕರ್ ಪಾಲಿಗೆ ಎಲ್ಲವೂ ಬಳಕೆಯಲ್ಲಿರುವ ಫಂಕ್ಷನ್‌ಗಳೇ. ಯಾವುದು ಬೇಡ ಎಂದು ಮನುಷ್ಯನೇ ತೀರ್ಮಾನಿಸಬೇಕು.

ಸರಿ, ಎಣಿಸೋಣ ಎಂದುಕೊಂಡೆ. ನನ್ನ ಬಳಿ ಇರುವ ಎಲ್ಲ ಚಕ್ಕಡಿ ಕಡತಗಳನ್ನು ಪಾರ್ಸ್ ಮಾಡಿ, ಯಾವ ಫಂಕ್ಷನ್ ಎಷ್ಟು ಕಡೆ ಕರೆಯಲ್ಪಟ್ಟಿದೆ ಎಂದು ಪಟ್ಟಿ ಮಾಡುವ ಪುಟ್ಟ ಸಾಧನ ಬರೆದೆ. ಸೊನ್ನೆ ಬಳಕೆಯ ಪಟ್ಟಿ ಉದ್ದವಾಗಿಯೇ ಬಂತು: ಸೈನ್‌ಎಚ್, ಕಾಸ್‌ಎಚ್, ಟ್ಯಾನ್‌ಎಚ್ (ಮೂರೂ ಹೈಪರ್ಬಾಲಿಕ್ ಗಣಿತದವು), ಲಾಗ್1ಪಿ (1ಕ್ಕೆ ಸಂಖ್ಯೆ ಕೂಡಿ ಅದರ ಲಾಗ್), ಹೈಪಾಟ್ (ಲಂಬಕೋನ ತ್ರಿಭುಜದ ಕರ್ಣ), ಘಾತ, ಮಧ್ಯಾಂಕ, ಅಕ್ಷರ_ಬಿಡಿಸು, ಜಮೀನು_ಹಂಚು, ಹೀಗೆ. ಎಲ್ಲವನ್ನೂ ತೆಗೆದರೆ ಗಾತ್ರ ಸಲೀಸಾಗಿ ಹೊಂದುತ್ತದೆ. ಆದರೆ ಪಟ್ಟಿಯಲ್ಲಿ ಜಮೀನು_ಹಂಚು ಕಂಡಾಗ ಅನುಮಾನ ಬಂತು. ಅದನ್ನು ನಾನು ಬರೆದದ್ದೇ ಹೊಳಲ್ಕೆರೆಯಲ್ಲಿ ಆಸ್ತಿ ಪತ್ರ ಬರೆಯುವ ನನ್ನ ಸೋದರಮಾವನಿಗಾಗಿ. ಫೋನ್ ಮಾಡಿದೆ.

"ಮಾವ, ಜಮೀನು ಹಂಚುವ ಲೆಕ್ಕವನ್ನು ಈಗಲೂ ಬಳಸುತ್ತೀರಾ?"

"ವಿಭಾಗ ಪತ್ರ ಬಂದಾಗಲೆಲ್ಲ ಅದೇ ಅಲ್ಲವೇನಪ್ಪಾ? ಯಾಕೆ, ಏನಾಯಿತು?"

"ತೆಗೆಯೋಣವೇ ಎಂದು ನೋಡುತ್ತಿದ್ದೆ. ನನ್ನ ಪಟ್ಟಿಯಲ್ಲಿ ಬಳಕೆ ಸೊನ್ನೆ ಎಂದು ಬಂದಿದೆ."

"ಒಂದು ಮನೆಯವರು ವರ್ಷ ವರ್ಷ ವಿಭಾಗಕ್ಕೆ ಬರುತ್ತಾರೇನಪ್ಪಾ? ಆದರೆ ಬಂದ ದಿನ ಲೆಕ್ಕ ತಪ್ಪಿದರೆ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತದೆ."

ಸೊನ್ನೆ ಬಂದದ್ದೇಕೆ? ಮಾವನ ಕಡತದಲ್ಲಿ ಮೆನು ಇದೆ. ಕೂಡು, ಕಳೆ, ಹಂಚು ಎಂದು ಆಯ್ಕೆ ಮಾಡಿದರೆ "ಜಮೀನು_" ಎಂಬುದಕ್ಕೆ ಆ ಪದವನ್ನು ಅಂಟಿಸಿ, ಬಂದ ಹೆಸರನ್ನು ಕರೆ() ಮೂಲಕ ಓಡಿಸುತ್ತದೆ. ಜಮೀನು_ಹಂಚು ಎಂಬ ಹೆಸರು ಇಡಿಯಾಗಿ ಕಡತದಲ್ಲಿ ಎಲ್ಲೂ ಇಲ್ಲ. ಹೆಸರನ್ನು ಓಡುವಾಗ ಕಟ್ಟಬಹುದಾದ ಯಾವ ಭಾಷೆಯಲ್ಲೂ ಕಡತ ಓದಿ ಎಣಿಸುವ ಸಾಧನ ಇದೇ ಜಾಗದಲ್ಲಿ ಕುರುಡಾಗುತ್ತದೆ.

ಹಾಗಾದರೆ ಓಡುವಾಗಲೇ ಎಣಿಸೋಣ. ಇಂಟರ್‌ಪ್ರಿಟರ್‌ಗೆ ಎಣಿಕೆ ಸೇರಿಸಿ, ಬಳಸುವ ಕೆಲವರಿಗೆ ಕೊಟ್ಟೆ. ಇದೂ ಕೈಕೊಟ್ಟಿತು. ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಲೆಕ್ಕದ ಕಡತ ಸುಗ್ಗಿಯಲ್ಲಿ ಮಾತ್ರ ಪೂರ್ತಿ ಓಡುತ್ತದೆ; ವರ್ಷದ ಮುಕ್ತಾಯದ ಭಾಗ ಮಾರ್ಚ್ ಕೊನೆಗೆ ಮಾತ್ರ. ಬೇಸಿಗೆಯ ಎಣಿಕೆ ನೋಡಿ ತೀರ್ಮಾನಿಸಿದರೆ ಸುಗ್ಗಿಯಲ್ಲಿ ಅಂಗಡಿ ನಿಲ್ಲುತ್ತದೆ. ಬಳಕೆಯ ಲೆಕ್ಕ ಇಂಟರ್ನೆಟ್ ಮೂಲಕ ತಾನಾಗಿಯೇ ನನಗೆ ಬರುವಂತೆ ಮಾಡು ಎಂದು ಗೆಳೆಯನೊಬ್ಬ ಹೇಳಿದ. ಅದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಗೋ ಭಾಷೆಯವರು 2023ರಲ್ಲಿ ಇಂಥದ್ದನ್ನು ಮುಂದಿಟ್ಟಾಗ ಎದುರಾದ ವಿರೋಧದಿಂದ, ಒಪ್ಪಿದವರಿಂದ ಮಾತ್ರ ಮಾಹಿತಿ ಪಡೆಯುವ ಕ್ರಮಕ್ಕೆ ಬದಲಾಯಿಸಬೇಕಾಯಿತು. ಇನ್ನು ಎಚ್ಚರಿಕೆ ಮುದ್ರಿಸೋಣವೆಂದರೆ, ಹಿನ್ನೆಲೆಯಲ್ಲಿ ಓಡುವ ಕಡತದ ಎಚ್ಚರಿಕೆಯನ್ನು ಯಾರು ಓದುತ್ತಾರೆ?

ಇಲ್ಲಿಗೆ ಎಣಿಕೆಯ ಮೇಲಿನ ನನ್ನ ನಂಬಿಕೆ ಮುಗಿಯಿತು. ದೊಡ್ಡ ಭಾಷೆಗಳವರು ಏನು ಮಾಡಿದ್ದಾರೆಂದು ನೋಡಲು ಕುಳಿತೆ. ಸಿ ಭಾಷೆಯ ಗೆಟ್ಸ್ ಎಲ್ಲರಿಗೂ ಗೊತ್ತು. ಬಂದ ಸಾಲನ್ನು ಓದಿ ಇಡುವ, ಆದರೆ ಇಡುವ ಜಾಗದ ಗಾತ್ರವನ್ನೇ ಕೇಳದ ಫಂಕ್ಷನ್ ಅದು. 1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಎಂಬ ಹಾವಳಿ ಪ್ರೋಗ್ರಾಂ ಇಂಟರ್ನೆಟ್‌ನಲ್ಲಿ ಹರಡಲು ಬಳಸಿದ ದಾರಿಗಳಲ್ಲಿ, ಬಳಕೆದಾರರ ವಿವರ ಹೇಳುವ ಫಿಂಗರ್ ಸರ್ವರಿನೊಳಗಿನ ಗೆಟ್ಸ್ ಕರೆಯೂ ಒಂದು. ಆದರೂ ಅದು ಭಾಷೆಯ ಮಾನದಂಡದಿಂದ ಹೊರಬಿದ್ದದ್ದು 2011ರ ಸಿ11ರಲ್ಲಿ! ಅದನ್ನು ತೆಗೆದದ್ದು ಬಳಕೆ ಕಡಿಮೆ ಎಂದಲ್ಲ, ಸರಿಯಾಗಿ ಬಳಸಲು ದಾರಿಯೇ ಇಲ್ಲ ಎಂದು. ಪೈಥಾನ್‌ನಲ್ಲಿ ಲೈಬ್ರರಿಯ ಹಳೆಯ ಭಾಗಗಳನ್ನು ತೆಗೆಯಲು 2019ರಲ್ಲಿ ಶುರುವಾದ ಪಿಇಪಿ 594 ಎಂಬ ಪ್ರಸ್ತಾವ 2024ರ ಅಕ್ಟೋಬರಿನ 3.13ರಲ್ಲಿ ಕೊನೆಗೊಂಡು 19 ಮಾಡ್ಯೂಲ್‌ಗಳು ಹೋದವು. ಸಿಜಿಐ, ಟೆಲ್ನೆಟ್‌ಲಿಬ್, ಆಡಿಯೋಆಪ್ ಅವುಗಳಲ್ಲಿ ಸೇರಿವೆ. ಅಲ್ಲಿ ನೋಡಿಕೊಳ್ಳುವವರ ಕೊರತೆಯೂ ಕಾರಣವಾಗಿತ್ತು. ವೆಬ್ ಪುಟಗಳಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೆ ಆ ಭಾಗ್ಯವಿಲ್ಲ. ಹಳೆಯ ಪುಟಗಳು ಮುರಿಯಬಾರದು. 2018ರಲ್ಲಿ ಹೊಸದಾಗಿ ಫ್ಲ್ಯಾಟನ್ ಎಂಬ ಹೆಸರು ಸೇರಿಸಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಬಳಸುವ ಪುಟ ಮುರಿದು, ಕೊನೆಗೆ ಫ್ಲ್ಯಾಟ್ ಎಂದು ಹೆಸರಿಡಬೇಕಾಯಿತು.

ನನಗೆ ಹತ್ತಿರವಾದದ್ದು ಲುವಾ. ಅದೂ ಚಿಕ್ಕ ಬೋರ್ಡುಗಳಲ್ಲಿ ಓಡುವ ಭಾಷೆ. 2015ರ 5.3 ಆವೃತ್ತಿಯಲ್ಲಿ ಗಣಿತ ಲೈಬ್ರರಿಯ ಪೌ, ಸೈನ್‌ಎಚ್, ಕಾಸ್‌ಎಚ್, ಟ್ಯಾನ್‌ಎಚ್ ಮುಂತಾದವುಗಳನ್ನು ಕೈಬಿಡುವ ಸಾಲಿಗೆ ಸೇರಿಸಿದರು. ಪೌ ಬದಲಿಗೆ ಘಾತದ ಚಿಹ್ನೆ ಇದೆ, ಉಳಿದವನ್ನು ಬೇಕಾದವರು ತಾವೇ ಬರೆದುಕೊಳ್ಳಬಹುದು, ಇಲ್ಲವೇ ಹೊರಗಿನ ಲೈಬ್ರರಿ ಬಳಸಬಹುದು ಎಂದರು. ಪೌ ವಿಷಯದಲ್ಲಿ ನನ್ನ ಪೂರ್ಣ ಒಪ್ಪಿಗೆ ಇದೆ. ಸೈನ್‌ಎಚ್ ವಿಷಯದಲ್ಲಿ ಇಲ್ಲ.

ಯಾಕೆಂದರೆ ತಾವೇ ಬರೆದುಕೊಳ್ಳುವವರು ಪುಸ್ತಕದ ಸೂತ್ರವನ್ನೇ ಬರೆಯುತ್ತಾರೆ: ಇ ಘಾತ ಎಕ್ಸ್, ಅದರಿಂದ ಇ ಘಾತ ಮೈನಸ್ ಎಕ್ಸ್ ಕಳೆದು ಅರ್ಧ. ಎಕ್ಸ್ ದೊಡ್ಡದಿದ್ದಾಗ ಸರಿ. ಎಕ್ಸ್ ಸೊನ್ನೆಗೆ ತೀರಾ ಹತ್ತಿರವಿದ್ದರೆ ಎರಡೂ ಪದಗಳು ಹೆಚ್ಚುಕಡಿಮೆ 1, ಕಳೆದಾಗ ಅರ್ಥವುಳ್ಳ ಅಂಕಿಗಳೇ ಅಳಿಸಿಹೋಗುತ್ತವೆ. 64 ಬಿಟ್ಟಿನ ದಶಮಾಂಶದಲ್ಲಿ ಎಕ್ಸ್‌ಗೆ 10ರ ಮೈನಸ್ 17ನೇ ಘಾತ ಕೊಟ್ಟರೆ ಉತ್ತರ ಅಷ್ಟೇ ಬರಬೇಕು, ಬರುವುದು ಸೊನ್ನೆ. ಲಾಗ್1ಪಿ ಕಥೆಯೂ ಇದೇ. 1ಕ್ಕೆ 10ರ ಮೈನಸ್ 16ನೇ ಘಾತ ಕೂಡಿದರೆ ಕಂಪ್ಯೂಟರಿಗೆ ಅದು 1 ಮಾತ್ರ, ಅದರ ಲಾಗ್ ಸೊನ್ನೆ. ಹೈಪಾಟ್ ಬದಲು ವರ್ಗಗಳ ಮೊತ್ತದ ವರ್ಗಮೂಲ ಬರೆದರೆ 10ರ 200ನೇ ಘಾತದಂಥ ಬೆಲೆಗೆ ವರ್ಗವೇ ಅನಂತಕ್ಕೆ ಹಾರುತ್ತದೆ. ದೋಷದ ಸಂದೇಶ ಇಲ್ಲ, ಕಡತ ನಿಲ್ಲುವುದಿಲ್ಲ, ತಪ್ಪು ಉತ್ತರ ಗಂಭೀರವಾಗಿ ಪರದೆಯ ಮೇಲೆ ಕೂರುತ್ತದೆ.

ಮಾವನ ಫಂಕ್ಷನ್ನನ್ನೂ ಇದೇ ಕಣ್ಣಿನಿಂದ ನೋಡಿದೆ. ಪಹಣಿಯಲ್ಲಿ 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. 7 ಎಕರೆ 13 ಗುಂಟೆಯನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಬೇಕು. ಸ್ಪ್ರೆಡ್‌ಶೀಟಿನಲ್ಲಿ ಹಲವರು ಮಾಡುವಂತೆ 7.13 ಎಂದು ಬರೆದು 3ರಿಂದ ಭಾಗಿಸಿದರೆ 2.37 ಚಿಲ್ಲರೆ ಬರುತ್ತದೆ. ಅದನ್ನು 2 ಎಕರೆ 37 ಗುಂಟೆ ಎಂದು ಪತ್ರದಲ್ಲಿ ಬರೆದರೆ ಮೂವರದೂ ಸೇರಿ 8 ಎಕರೆ 31 ಗುಂಟೆ! ಇರುವ ಜಮೀನಿಗಿಂತ 1 ಎಕರೆ 18 ಗುಂಟೆ ಹೆಚ್ಚು. ಪಕ್ಕದ ಹೊಲದವನನ್ನು ಸಮಾಧಾನಪಡಿಸುವುದು ಯಾರು? ಸರಿಯಾದ ದಾರಿ ಎಂದರೆ ಎಲ್ಲವನ್ನೂ ಆಣೆಗೆ ಇಳಿಸುವುದು: 4688 ಆಣೆ. ಮೂರು ಭಾಗ ಮಾಡಿದರೆ ತಲಾ 1562, ಅಂದರೆ 2 ಎಕರೆ 17 ಗುಂಟೆ 10 ಆಣೆ, ಮಿಕ್ಕದ್ದು 2 ಆಣೆ. ಆ 2 ಆಣೆ, ಅಂದರೆ ಸುಮಾರು 136 ಚದರ ಅಡಿ, ಯಾರ ಪಾಲಿಗೆ ಎಂಬುದನ್ನೂ ಫಂಕ್ಷನ್ ಕೇಳುತ್ತದೆ. ಕೇಳಲೇಬೇಕು.

ಹೀಗೆ ನನ್ನ ನಿಯಮ ತಲೆಕೆಳಗಾಯಿತು. ಎಷ್ಟು ಜನ ಬಳಸುತ್ತಾರೆ ಎಂಬ ಪ್ರಶ್ನೆಯನ್ನು ಬಿಟ್ಟೆ. ಇದನ್ನು ತೆಗೆದರೆ ಬಳಸುವವನು ಎರಡು ಸಾಲಿನಲ್ಲಿ ತಪ್ಪಿಲ್ಲದೆ ಬರೆದುಕೊಳ್ಳಬಲ್ಲನೇ ಎಂದು ಕೇಳತೊಡಗಿದೆ. ಬರೆಯಬಲ್ಲನಾದರೆ ಹೋಗಲಿ, ಎಷ್ಟೇ ಬಳಕೆ ಇದ್ದರೂ. ಬರೆದದ್ದು ಸದ್ದಿಲ್ಲದೆ ತಪ್ಪಾಗುವಂತಿದ್ದರೆ ಇರಲಿ, ಒಬ್ಬನೇ ಬಳಸುತ್ತಿದ್ದರೂ. ಘಾತ ಹೋಯಿತು, ಚಿಹ್ನೆ ಸಾಕು. ಒಂದು ಪಟ್ಟಿಯ ಮೊದಲ, ಕೊನೆಯ ಅಂಶ ಎತ್ತಿಕೊಡುವ ಫಂಕ್ಷನ್‌ಗಳು ಹೋದವು. ಲಾಗ್1ಪಿ, ಹೈಪಾಟ್, ಸೈನ್‌ಎಚ್ ಉಳಿದವು. ಕಾಸ್‌ಎಚ್‌ನಲ್ಲಿ ಕಳೆಯುವ ಬದಲು ಕೂಡುವುದರಿಂದ ಪುಸ್ತಕದ ಸೂತ್ರವೇ ಸಾಕಾಗುತ್ತದೆ, ನಿಯಮದ ಪ್ರಕಾರ ಅದು ಹೋಗಬೇಕು. ಆದರೂ ಇಟ್ಟುಕೊಂಡೆ. ಸೈನ್‌ಎಚ್ ಇದ್ದು ಕಾಸ್‌ಎಚ್ ಇಲ್ಲದ ಭಾಷೆಯನ್ನು ಕಲಿಯುವವನು ಅದನ್ನು ಹುಡುಕಿ ಹುಡುಕಿ ಸುಸ್ತಾಗುತ್ತಾನೆ.

ಅಕ್ಷರ_ಬಿಡಿಸು ಬಗ್ಗೆ ಯೋಚಿಸುವ ಅಗತ್ಯವೇ ಇರಲಿಲ್ಲ. "ಸ್ತ್ರೀ" ಕಣ್ಣಿಗೆ ಒಂದು ಅಕ್ಷರ, ಯೂನಿಕೋಡ್‌ನಲ್ಲಿ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಒತ್ತಕ್ಷರ ಸರಿಯಾಗಿ ಬಿಡಿಸುವ ಕೆಲಸವನ್ನು ಬಳಕೆದಾರನ ಮೇಲೆ ಹಾಕಿದರೆ ಕನ್ನಡದ ಭಾಷೆ ಎಂದು ಹೇಳಿಕೊಳ್ಳಲು ನನಗೆ ಮುಖವಿರುವುದಿಲ್ಲ.

ಹಾಗಾದರೆ ಗಾತ್ರ? ದಾರಿ ಸಿಕ್ಕಿದ್ದು ಇಲ್ಲೇ. ತೆಗೆಯುವುದು, ಇಟ್ಟುಕೊಳ್ಳುವುದು ಎರಡೇ ಆಯ್ಕೆ ಎಂದು ಇಷ್ಟು ಹೊತ್ತು ಗುದ್ದಾಡುತ್ತಿದ್ದೆ. ದಿನಬಳಕೆಯ ಪಾತ್ರೆ ಅಡುಗೆಮನೆಯಲ್ಲಿ, ಹಬ್ಬದ ಕೊಪ್ಪರಿಗೆ ಅಟ್ಟದ ಮೇಲೆ ಎಂಬಂತೆ ಲೈಬ್ರರಿಯನ್ನೂ ವಿಂಗಡಿಸಿದೆ. ಈಗ ಕೋಷ್ಟಕದಲ್ಲಿ ಎಲ್ಲ ಹೆಸರುಗಳೂ ಇವೆ, ಆದರೆ ಅಟ್ಟದ ಫಂಕ್ಷನ್‌ಗಳ ಪಾಯಿಂಟರ್ ಜಾಗದಲ್ಲಿ ಒಂದು ಗುರುತು ಮಾತ್ರ. ಕಂಪ್ಯೂಟರಿನಲ್ಲಿ ಮೊದಲ ಸಲ ಕರೆದಾಗ ಅದರ ಕಡತ ತಾನಾಗಿ ತುಂಬಿಕೊಳ್ಳುತ್ತದೆ. ಬೋರ್ಡಿನಲ್ಲಿ ಆ ಕಡತ ಇಲ್ಲದಿದ್ದರೆ, ಯಾವ ಕಡತ ಸೇರಿಸಿ ಕಂಪೈಲ್ ಮಾಡಬೇಕೆಂದು ಕನ್ನಡದಲ್ಲೇ ಹೇಳಿ ನಿಲ್ಲುತ್ತದೆ. ಪೂರ್ತಿ ತೆಗೆದ ಫಂಕ್ಷನ್‌ಗಳ ಹೆಸರೂ ಕೋಷ್ಟಕದಲ್ಲೇ ಉಳಿದಿದೆ. ಕರೆದರೆ ಬದಲಿಗೆ ಬರೆಯಬೇಕಾದ ಸಾಲನ್ನು ತೋರಿಸುತ್ತದೆ. ಆ ಹೆಸರನ್ನು ಮುಂದೆಂದೂ ಬೇರೆ ಕೆಲಸಕ್ಕೆ ಕೊಡುವುದಿಲ್ಲ. ಕರೆ() ಕೂಡ ಇದೇ ಕೋಷ್ಟಕ ನೋಡುವುದರಿಂದ, ಓಡುವಾಗ ಕಟ್ಟಿದ ಹೆಸರೂ ತಪ್ಪಿಸಿಕೊಳ್ಳಲಾರದು. ಪಾಯಿಂಟರ್ ಹೋದದ್ದರಿಂದ ಲಿಂಕರ್ ಕೊನೆಗೂ ತನ್ನ ಕೆಲಸ ಮಾಡಿತು, 2 ಎಂಬಿಯಲ್ಲಿ ಎರಡು ಪ್ರತಿಗಳೂ ಹಿಡಿದವು. ಹಿಡಿಯಿತೆಂಬ ಸಾಲು ಪರದೆಯ ಮೇಲೆ ಬಂದಾಗ ನಾನು ಕುರ್ಚಿಯಿಂದ ಎದ್ದು ಕೂಗಿದ್ದು ನಿಜ.

ಬೋರ್ಡು ಓಡಿದ್ದೇ ತಡ, ಮುಂದಿನ ಕೆಲಸ ತಲೆಗೆ ಹತ್ತಿದೆ: ನಮ್ಮೂರಿನ ಮಂಡಕ್ಕಿ ಭಟ್ಟಿಯ ಮರಳಿನ ಉಷ್ಣತೆ ಅಳೆಯುವುದು. ಅಕ್ಕಿ ಅರಳುವುದು ಆ ಬಿಸಿ ಮರಳಿನಲ್ಲಿ. ಬಿಸಿಯ ಹದ ಭಟ್ಟಿಯವರಿಗೆ ಕೈಯಳತೆಯಲ್ಲೇ ಗೊತ್ತು, ನನಗೆ ಅದನ್ನು ಅಂಕಿಯಲ್ಲಿ ನೋಡುವ ಆಸೆ. ಉಷ್ಣತೆ ಅಳೆಯಲು ಕೆ ಟೈಪ್ ಥರ್ಮೋಕಪಲ್, ಜೊತೆಗೆ ಅದನ್ನು ಓದುವ ಮ್ಯಾಕ್ಸ್6675 ಚಿಪ್. ಕಾಲು ಡಿಗ್ರಿಯ ಹಂತದಲ್ಲಿ 1024 ಡಿಗ್ರಿ ಸೆಲ್ಸಿಯಸ್‌ವರೆಗೆ ಓದುತ್ತದೆ, ತಂತಿ ಕಡಿದರೆ ಒಂದು ಬಿಟ್ ಎತ್ತಿ ತಿಳಿಸುತ್ತದೆ. ಸೌಟಾಡುವ ಮರಳಿನಲ್ಲಿ ಬರಿ ತಂತಿ ಬಾಳುವುದಿಲ್ಲ, ಉಕ್ಕಿನ ಕವಚದ ಪ್ರೋಬ್ ಬೇಕು. ಓದುವಿಕೆಯಲ್ಲಿ ನಡುನಡುವೆ ಹುಚ್ಚು ಜಿಗಿತಗಳು ಬರುತ್ತವೆ, ಅವನ್ನು ತಡೆಯಲು ಐದು ಓದುಗಳ ಮಧ್ಯಾಂಕ ತೆಗೆದುಕೊಳ್ಳಬೇಕು.

ಮಧ್ಯಾಂಕ ಸೊನ್ನೆ ಪಟ್ಟಿಯಲ್ಲಿತ್ತು, ಈಗ ನನಗೇ ಬೇಕಾಗಿದೆ. ಆದರೂ ಅದು ಲೈಬ್ರರಿಗೆ ಮರಳುವುದಿಲ್ಲ: ಐದನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ಮೂರನೆಯದನ್ನು ಎತ್ತಿಕೊಳ್ಳುವುದು ಎರಡೇ ಸಾಲು, ಅದರಲ್ಲಿ ತಪ್ಪಲು ಜಾಗವಿಲ್ಲ. ಭಟ್ಟಿಯ ಕಡತದಲ್ಲೇ ಬರೆದುಕೊಂಡಿದ್ದೇನೆ.