ಈ ವಯಸ್ಸಲ್ಲಿ ಸೂಪರ್‌ಪವರ್ ಹುಡುಗರ ಕಥೆ ಯಾಕೆ ಓದ್ತೀರಿ?

ಮುಖಪುಟದಲ್ಲಿ ಒಬ್ಬ ಹುಡುಗಿ, ಅವಳ ಅಂಗೈಯಿಂದ ಚಿಮ್ಮುವ ನೀಲಿ ಬೆಳಕು, ಹಿಂದೆ ಹೊತ್ತಿ ಉರಿಯುತ್ತಿರುವ ನಗರ. ಪುಸ್ತಕ ಹಿಡಿದು ಕೂತವಳು ನಲವತ್ತು ದಾಟಿದ ನಾನು. ಪಕ್ಕದಲ್ಲಿದ್ದವರು ಮುಖಪುಟವನ್ನೊಮ್ಮೆ, ನನ್ನ ನರೆತ ಕೂದಲನ್ನೊಮ್ಮೆ ನೋಡುತ್ತಾರೆ. "ಮಕ್ಕಳಿಗೆ ತಂದಿದ್ದಾ?" ಅಲ್ಲ, ನನಗೇ ಅಂದ ತಕ್ಷಣ ಮುಂದಿನದು ಬರುತ್ತದೆ: "ಈ ವಯಸ್ಸಲ್ಲಿ ಇದೆಲ್ಲ ಯಾಕೆ ಓದ್ತೀರಿ?" ನಕ್ಕು ಪುಟ ತಿರುಗಿಸುವುದು ನನ್ನ ರೂಢಿ. ಇವತ್ತು ಕೂತು ಉತ್ತರ ಬರೆದುಬಿಡುತ್ತೇನೆ.

ನನ್ನ ಪರ ವಹಿಸುವವರು ಕೊಡುವ ಸಿದ್ಧ ಉತ್ತರವೊಂದಿದೆ: "ಅದೆಲ್ಲ ರೂಪಕ ಕಣ್ರೀ." ಹದಿಮೂರು ತುಂಬುತ್ತಲೇ ದನಿ ಒಡೆಯುತ್ತದೆ, ಮೈ ಯಾರನ್ನೂ ಕೇಳದೆ ಬದಲಾಗುತ್ತದೆ, ಕೋಪ ಎಲ್ಲಿಂದಲೋ ಬಂದು ಎರಗುತ್ತದೆ. ಹಾರುವ, ಮಾಯವಾಗುವ, ಬೆಂಕಿ ಕಾರುವ ಹುಡುಗರ ಕಥೆ ಅಂದರೆ ಅದೇ ಅಂತೆ. ತಪ್ಪೇನಿಲ್ಲ. 1963ರಲ್ಲಿ ಶುರುವಾದ ಎಕ್ಸ್-ಮೆನ್ ಕಾಮಿಕ್ಸ್‌ನಲ್ಲೂ ಶಕ್ತಿ ಹೊರಬೀಳುವುದು ಸಾಮಾನ್ಯವಾಗಿ ಹದಿಹರೆಯದಲ್ಲೇ. ಆದರೆ ರೂಪಕವೇ ಬೇಕಿದ್ದರೆ ನಾನು ಕವಿತೆ ಓದಿಕೊಂಡಿರುತ್ತಿದ್ದೆ. ನಾನು ಈ ಪುಸ್ತಕಗಳಿಗೆ ಹೋಗುವುದು ಲೆಕ್ಕಕ್ಕೆ.

ಹಾಗಂದರೆ? ಒಬ್ಬ ಹುಡುಗಿ ಶಬ್ದದ ವೇಗದಲ್ಲಿ ಓಡುತ್ತಾಳೆ ಅಂತ ಲೇಖಕರು ಬರೆದರು ಅನ್ನಿ. ನಾನು ಪೆನ್ಸಿಲ್ ತೆಗೆದು ಪುಟದ ಅಂಚಿನಲ್ಲಿ ಗೀಚಲು ಶುರು ಮಾಡುತ್ತೇನೆ. ಅವಳ ತೂಕ 50 ಕಿಲೋ. ವೇಗ ಸೆಕೆಂಡಿಗೆ 340 ಮೀಟರ್. ಆ ವೇಗ ಮುಟ್ಟಿದಾಗ ಅವಳ ಮೈಯಲ್ಲಿರುವ ಚಲನಶಕ್ತಿಯೇ ಸುಮಾರು 700 ಕಿಲೋಕ್ಯಾಲೊರಿ. ಸ್ನಾಯುಗಳು ಉಂಡದ್ದರಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಚಲನೆಗೆ ತಿರುಗಿಸುತ್ತವೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅಂದರೆ ಒಂದೇ ಒಂದು ಸಲ ಆ ವೇಗಕ್ಕೆ ಏರಲು ಸುಮಾರು 2,800 ಕಿಲೋಕ್ಯಾಲೊರಿ ಬೇಕು, ಅವಳ ವಯಸ್ಸಿನವರ ಇಡೀ ದಿನದ ಊಟಕ್ಕಿಂತ ಹೆಚ್ಚು. ಗಾಳಿಯ ತಡೆಯನ್ನು ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಮತ್ತೆ ನಿಲ್ಲಬೇಕಲ್ಲ, ಆಗ ಆ ಶಕ್ತಿಯೆಲ್ಲ ಎಲ್ಲಿಗೆ ಹೋಗಬೇಕು? ಚಪ್ಪಲಿಯ ಅಟ್ಟೆಗೆ. ಇಂಥ ಹುಡುಗಿ ಇರುವ ಮನೆಯಲ್ಲಿ ಅನ್ನದ ಪಾತ್ರೆ ಎಷ್ಟು ದೊಡ್ಡದಿರಬೇಕು, ತಿಂಗಳಿಗೆ ಎಷ್ಟು ಜೊತೆ ಚಪ್ಪಲಿ ಸವೆಯಬೇಕು, "ಇಷ್ಟು ತಿಂದರೂ ಮೈಗೆ ಹತ್ತಲ್ಲವಲ್ಲ ಇವಳಿಗೆ" ಅಂತ ಅವಳಮ್ಮ ಯಾವಾಗ ಅನುಮಾನ ಪಡಬೇಕು! ಲೇಖಕರು ಇದನ್ನು ಒಂದು ಸಾಲಲ್ಲಾದರೂ ಮುಟ್ಟಿದರೆ ನಾನು ಅವರನ್ನು ಕೊನೆಯ ಪುಟದವರೆಗೆ ನಂಬುತ್ತೇನೆ. ಮುಟ್ಟದಿದ್ದರೆ ಅದು ಜಾದೂ ಕಥೆ. ಇರಲಿ, ಅದಕ್ಕೂ ಓದುಗರಿದ್ದಾರೆ.

ಮಾಯವಾಗುವ ಹುಡುಗನದು ಇನ್ನೂ ಕಷ್ಟ. ನಾವು ನೋಡುವುದು ಕಣ್ಣಿನ ಹಿಂಬದಿಯ ಪರದೆ ಬೆಳಕನ್ನು ಹೀರಿಕೊಳ್ಳುವುದರಿಂದ. ಮೈಯೆಲ್ಲ ಪಾರದರ್ಶಕವಾದರೆ ಬೆಳಕು ಆ ಪರದೆಯನ್ನೂ ದಾಟಿ ಆಚೆ ಹೋಗುತ್ತದೆ. ಯಾರಿಗೂ ಕಾಣದ ಹುಡುಗನಿಗೆ ಯಾರೂ ಕಾಣುವುದಿಲ್ಲ. 1897ರಲ್ಲೇ ಅದೃಶ್ಯ ಮನುಷ್ಯನ ಕಥೆ ಬರೆದ ಎಚ್.ಜಿ. ವೆಲ್ಸ್ ಇದನ್ನು ಒಂದು ಮಾತಿನಲ್ಲಿ ಜಾಣತನದಿಂದ ದಾಟಿಸಿಬಿಟ್ಟರು, ಆದರೆ ಬೇರೆ ಲೆಕ್ಕಗಳನ್ನು ಬಿಡಲಿಲ್ಲ. ಉಂಡದ್ದು ಅರಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ಬಟ್ಟೆ ತೊಟ್ಟರೆ ಬಟ್ಟೆ ಕಾಣುತ್ತದೆ, ಆದ್ದರಿಂದ ಚಳಿಗಾಲದ ಲಂಡನ್ನಿನಲ್ಲಿ ಅವನು ಬೆತ್ತಲೆ ನಡುಗುತ್ತ ಓಡಾಡಬೇಕು. ಸೀನಿದರೆ ಮುಗಿಯಿತು ಕಥೆ.

ಹದಿಹರೆಯದವರೇ ನಾಯಕರಾಗುವುದು ಬಹಳ ಹಳೆಯ ಸಂಗತಿಯೇನಲ್ಲ. 1938ರಲ್ಲಿ ಬಂದ ಸೂಪರ್‌ಮ್ಯಾನ್ ಪ್ರಾಯದ ಗಂಡಸು. 1940ರ ರಾಬಿನ್ ಹುಡುಗನೇ, ಆದರೆ ಬ್ಯಾಟ್‌ಮ್ಯಾನ್ ಎಂಬ ದೊಡ್ಡವನೊಬ್ಬನ ಬಾಲ. 1962ರಲ್ಲಿ ಸ್ಪೈಡರ್‌ಮ್ಯಾನ್ ಬಂದಾಗ ಶಾಲೆಗೆ ಹೋಗುವ ಹುಡುಗ ಯಾರ ಬಾಲವೂ ಆಗದೆ ತಾನೇ ನಾಯಕನಾದ. ಅದರ ಮುಂದಿನ ವರ್ಷದ ಒಂದು ಸಂಚಿಕೆಯಲ್ಲಿ ನನಗೆ ತುಂಬ ಇಷ್ಟವಾದ ದೃಶ್ಯವಿದೆ. ಅವನಿಗೆ ಪ್ರದರ್ಶನ ಕೊಟ್ಟದ್ದಕ್ಕೆ ಚೆಕ್ ಸಿಗುತ್ತದೆ, ಸ್ಪೈಡರ್‌ಮ್ಯಾನ್ ಹೆಸರಿಗೆ. ಬ್ಯಾಂಕಿಗೆ ಒಯ್ದರೆ ಗುಮಾಸ್ತ ಗುರುತಿನ ಚೀಟಿ ಕೇಳುತ್ತಾನೆ. ಮೈಮೇಲಿನ ವೇಷ ತೋರಿಸಿದರೆ, ವೇಷ ಯಾರು ಬೇಕಾದರೂ ಹಾಕಬಹುದು ಅನ್ನುತ್ತಾನೆ. ಗೋಡೆ ಹತ್ತಬಲ್ಲ ಹುಡುಗನಿಗೆ ಚೆಕ್ ನಗದು ಮಾಡಿಸಲು ಬರುವುದಿಲ್ಲ! ಈ ಇಡೀ ಕಥಾಪ್ರಕಾರವೇ ಆ ಕೌಂಟರಿನ ಮುಂದೆ ನಿಂತಿದೆ ಅಂತ ನನಗನಿಸುತ್ತದೆ.

ನಾನು ಅರ್ಧಕ್ಕೇ ಮುಚ್ಚಿಟ್ಟ ಪುಸ್ತಕಗಳೂ ಬೇಕಾದಷ್ಟಿವೆ. ಸಾವಿರ ವರ್ಷದ ಹಿಂದೆಯೇ ಯಾರೋ ನಾಯಕಿಯ ಹೆಸರು ಭವಿಷ್ಯ ನುಡಿದಿರುತ್ತಾರೆ, ಇಬ್ಬರು ಹುಡುಗರು ಇವಳಿಗಾಗಿ ಮುನಿಸಿಕೊಂಡಿರುತ್ತಾರೆ, ಶಕ್ತಿ ಬಳಸಿದ್ದಕ್ಕೆ ತೆರುವ ಬೆಲೆ ಅಂದರೆ ಮೂಗಿನಿಂದ ಒಂದು ಹನಿ ರಕ್ತ. ಆ ಒಂದು ಹನಿ ಕಂಡರೆ ನನಗೆ ಸಿಟ್ಟೇ ಬರುತ್ತದೆ. ಪೇಟೆಯನ್ನೇ ಬುಡಮೇಲು ಮಾಡಿದವಳಿಗೆ ಕರವಸ್ತ್ರದಲ್ಲಿ ಮುಗಿಯುವ ಖರ್ಚೇ?

ನನ್ನನ್ನು ಹೀಗೆ ಲೆಕ್ಕ ಕೇಳುವವಳನ್ನಾಗಿ ಮಾಡಿದ್ದು ಜಾನ್ ವಿಂಡಮ್ ಅವರ 'ದಿ ಕ್ರಿಸಲಿಡ್ಸ್', 1955ರ ಕಾದಂಬರಿ. ಜಗತ್ತನ್ನು ಸುಟ್ಟ ದುರಂತವೊಂದು ನಡೆದು ಎಷ್ಟೋ ತಲೆಮಾರು ಕಳೆದ ಮೇಲಿನ, ಕೆನಡಾದ ಲ್ಯಾಬ್ರಡಾರ್ ಸೀಮೆ. ಅದು ಅಣುಯುದ್ಧ ಅಂತ ನಮಗೆ ಹೊಳೆಯುತ್ತದೆ, ಅಲ್ಲಿನವರಿಗೆ ಅದು ದೇವರ ಕೋಪ. ಬೆಳೆಯಾಗಲಿ ದನವಾಗಲಿ ಮನುಷ್ಯನಾಗಲಿ, ರೂಪದಲ್ಲಿ ಚೂರು ಹೆಚ್ಚುಕಡಿಮೆಯಾದರೂ ಅದು ಪಾಪ. ಬೆಳೆಯನ್ನು ಸುಡುತ್ತಾರೆ, ದನವನ್ನು ಕಡಿಯುತ್ತಾರೆ, ಮನುಷ್ಯರನ್ನು ಗಡಿಯಾಚೆಗೆ ಅಟ್ಟುತ್ತಾರೆ. ಸೋಫಿ ಎಂಬ ಪುಟ್ಟ ಹುಡುಗಿಯ ಪಾದದಲ್ಲಿ ಆರು ಬೆರಳು. ಹೆತ್ತವರು ಅವಳನ್ನು ಬಚ್ಚಿಟ್ಟೇ ಬೆಳೆಸಿದ್ದಾರೆ. ಒಂದು ದಿನ ಅವಳು ಗೆಳೆಯ ಡೇವಿಡ್ ಜೊತೆ ತೊರೆಯಲ್ಲಿ ಆಡುತ್ತಾಳೆ, ಒದ್ದೆ ಕಾಲನ್ನು ಬಂಡೆಯ ಮೇಲಿಡುತ್ತಾಳೆ. ಇನ್ನೊಬ್ಬ ಹುಡುಗ ಅಲ್ಲಿಗೆ ಬರುವಷ್ಟರಲ್ಲಿ ಆ ಹೆಜ್ಜೆ ಇನ್ನೂ ಆರಿರುವುದಿಲ್ಲ. ಅಷ್ಟೇ. ಒಂದು ಸಂಸಾರ ರಾತ್ರೋರಾತ್ರಿ ಊರು ಬಿಡಬೇಕಾಗುತ್ತದೆ. ಬಿಸಿಲು ಇನ್ನೊಂದಿಷ್ಟು ಚುರುಕಾಗಿದ್ದಿದ್ದರೆ ಅಂತ ನಾನು ಪ್ರತಿ ಸಲವೂ ಅಂದುಕೊಳ್ಳುತ್ತೇನೆ.

ಡೇವಿಡ್‌ನದು ಹೊರಗೆ ಕಾಣದ ವ್ಯತ್ಯಾಸ. ಅವನಂಥ ಕೆಲವು ಮಕ್ಕಳು ಬಾಯಿ ತೆರೆಯದೆ, ಮನಸ್ಸಿನಲ್ಲೇ ಪರಸ್ಪರ ಮಾತಾಡಬಲ್ಲರು. ಮೊದಲ ಸಲ ಓದಿದಾಗ ನನಗೆ ಆ ಮಾತುಕತೆಯೇ ಸಾಕಾಗಿತ್ತು. ಅಂಥ ಗೆಳತಿ ನನಗೂ ಒಬ್ಬಳು ಇರಬಾರದಿತ್ತೇ ಅಂತ ಹೊಟ್ಟೆಕಿಚ್ಚು ಪಟ್ಟಿದ್ದೆ. ಇಪ್ಪತ್ತು ವರ್ಷ ಬಿಟ್ಟು ಮತ್ತೆ ಓದಿದಾಗ ನನ್ನ ಕಣ್ಣು ಹೋಗಿ ನಿಂತದ್ದು ಅಂಕಲ್ ಆಕ್ಸೆಲ್ ಮೇಲೆ. ಹಿಂದೆ ನಾವಿಕನಾಗಿದ್ದವನು. ಹುಡುಗ ದೂರದ ಗೆಳತಿಯ ಜೊತೆ ಮನಸ್ಸಿನಲ್ಲಿ ಮಾತಾಡುತ್ತ ಮೈಮರೆತು ಬಾಯಲ್ಲೂ ಆಡಿಬಿಡುವುದು ಅವನ ಕಿವಿಗೆ ಬೀಳುತ್ತದೆ. ಅವನು ಬೆಚ್ಚಿ ಊರು ಸೇರಿಸುವುದಿಲ್ಲ, ಭೇಷ್ ಅನ್ನುವುದೂ ಇಲ್ಲ. ಇನ್ನು ಮೇಲೆ ಹೀಗೆ ಗಟ್ಟಿಯಾಗಿ ಮಾತಾಡಬೇಡ, ಯಾರಿಗೂ ಹೇಳಬೇಡ ಅಂತ ಹುಡುಗನಿಂದ ಮಾತು ತೆಗೆದುಕೊಳ್ಳುತ್ತಾನೆ. ಮೊದಲ ಓದಿನಲ್ಲಿ ಈ ಭಾಗ ನನಗೆ ಬೇಜಾರು ತರಿಸಿತ್ತು, ದೊಡ್ಡವರ ಬುದ್ಧಿಮಾತು ಅಂತ ಪುಟ ಹಾರಿಸಿದ್ದೆ. ಈ ಸಲ ಅಲ್ಲೇ ನಿಂತೆ. ಒಂದು ಮಗುವಿನ ಗುಟ್ಟು ಕೈಗೆ ಸಿಕ್ಕ ದೊಡ್ಡವರು ಏನು ಮಾಡಬೇಕು? ಹದಿಹರೆಯದವರಿಗೆಂದು ಬರೆಯುವ ಕಥೆಗಳಲ್ಲಿ ದೊಡ್ಡವರು ಸಾಮಾನ್ಯವಾಗಿ ಸತ್ತಿರುತ್ತಾರೆ, ಇಲ್ಲವೇ ಖಳರಾಗಿರುತ್ತಾರೆ. ಬದುಕಿದ್ದು, ಭಯಪಟ್ಟುಕೊಂಡೇ ಬಾಗಿಲು ಕಾಯುವ ಒಬ್ಬರು ಸಿಕ್ಕರೆ ನನ್ನ ವಯಸ್ಸಿನವಳಿಗೂ ಆ ಪುಸ್ತಕದಲ್ಲಿ ಕೂರಲು ಜಾಗ ಸಿಗುತ್ತದೆ. ಈಗ ಹೊಸ ಪುಸ್ತಕ ತೆರೆದಾಗಲೂ ಮೊದಲು ಅವರನ್ನೇ ಹುಡುಕುತ್ತೇನೆ.

ದೊಡ್ಡವರಿಗೆ ಇಷ್ಟು ಹೇಳಬಲ್ಲೆ. ನನ್ನ ಅಕ್ಕನ ಮಗಳಿಗೆ ಈಗ ಹನ್ನೆರಡು. ಅವಳು ಯಾಕೆ ಓದ್ತೀಯ ಅಂತ ಕೇಳುವುದೇ ಇಲ್ಲ. "ಚಿಕ್ಕಮ್ಮಾ, ನಿಂಗೆ ಒಂದೇ ಒಂದು ಶಕ್ತಿ ಕೊಡ್ತೀನಿ ಅಂದ್ರೆ ಯಾವ್ದು ತಗೋತೀಯ?"

ಹಾರೋದು ಅಂದೆ.

ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. "ಕಣ್ಣಿಗೆ ಹುಳ ಬಡಿಯಲ್ವಾ? ಸ್ಕೂಟರಲ್ಲಿ ಹೋದ್ರೇ ಬಡಿಯತ್ತೆ."