ಹಳೆಯ ಬಟ್ಟೆಗೆ ಫ್ರೇಮ್ ಹಾಕಿಸುವ ಮುಂಚೆ

ಹಳೆಯ ಕಸೂತಿಗೋ ರೇಷ್ಮೆ ತುಂಡಿಗೋ ಫ್ರೇಮ್ ಹಾಕಿಸೋಣ ಅಂದ ಕೂಡಲೇ ಮಾತು ಹೋಗುವುದು ಫ್ರೇಮಿನ ಬಣ್ಣದ ಕಡೆಗೆ. ನನ್ನ ಪ್ರಕಾರ ಅದು ಕೊನೆಗೆ ಯೋಚಿಸುವ ವಿಷಯ. ಮೊದಲು ನೋಡಬೇಕಾದದ್ದು, ಬಟ್ಟೆಯ ಭಾರ ಯಾವುದರ ಮೇಲೆ ಬೀಳುತ್ತದೆ ಅಂತ. ಮೇಲಿನ ಅಂಚಿಗಷ್ಟೇ ನಾಲ್ಕು ಹೊಲಿಗೆ ಹಾಕಿ ನೇತುಬಿಟ್ಟರೆ ಇಡೀ ತುಂಡು ಆ ಕೆಲವೇ ಎಳೆಗಳಿಗೆ ಜೋತುಬೀಳುತ್ತದೆ. ಆ ಎಳೆಗಳಿಗೋ ಮೊದಲೇ ವಯಸ್ಸಾಗಿದೆ, ಅಲ್ವಾ?

ಅಂಟು, ಡಬಲ್ ಟೇಪ್, ಸ್ಟೇಪ್ಲರ್ ಪಿನ್ನು, ಇಸ್ತ್ರಿ ಹಾಕಿ ಅಂಟಿಸುವ ಹಾಳೆ, ಯಾವುದೂ ಬೇಡ. ಟೇಪಿನ ಅಂಟು ನಿಧಾನವಾಗಿ ನೂಲಿನೊಳಗೆ ಇಳಿದು ಹಳದಿಯಾಗುತ್ತದೆ, ಆಮೇಲೆ ಕೀಳಲು ಹೋದರೆ ಬಟ್ಟೆಯೇ ಕಿತ್ತು ಬರುತ್ತದೆ. ಏನೇ ಮಾಡಿದರೂ ಮುಂದೊಂದು ದಿನ ಬಿಚ್ಚಲು ಬರುವಂತಿರಬೇಕು. ಅದಕ್ಕೇ ಹೊಲಿಗೆ.

ಆಸಿಡ್ ಇಲ್ಲದ ಬೋರ್ಡಿನ ಮೇಲೆ, ತೊಳೆದು ಗಂಜಿ ಪೂರ್ತಿ ತೆಗೆದ ಸಾದಾ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಅದರ ಮೇಲೆ ಹಳೆಯ ತುಂಡನ್ನು ಎಳೆದಾಡದೆ ಹಾಸಿ, ಅಂಚಿಗೆ ಮಾತ್ರವಲ್ಲ, ನಡುವೆಯೂ ಅಲ್ಲಲ್ಲಿ ಸಣ್ಣ ಹೊಲಿಗೆ ಹಾಕಬೇಕು. ಹಿಂದೆ ಬೋರ್ಡ್ ಇರುವುದರಿಂದ ಬಾಗಿದ ಸೂಜಿಯೇ ಅನುಕೂಲ. ಸೂಜಿಯ ತುದಿ ಎರಡು ಎಳೆಗಳ ನಡುವಿನ ಸಂದಿಯಲ್ಲಿ ನುಸುಳಬೇಕು. ಎಳೆಗೇ ಚುಚ್ಚಿದರೆ ಅದು ಅಲ್ಲೇ ತುಂಡಾಗುತ್ತದೆ. ದಾರ ತೆಳ್ಳಗಿರಲಿ, ಬಿಗಿ ಸಾಕಷ್ಟೇ ಇರಲಿ, ಜಾಸ್ತಿ ಎಳೆದರೆ ದಾರವೇ ಬಟ್ಟೆಯನ್ನು ಕೊಯ್ಯುತ್ತದೆ.

ಆದರೆ ಎಲ್ಲ ಬಟ್ಟೆಯೂ ಸೂಜಿ ತಡೆಯುವುದಿಲ್ಲ. 19ನೇ ಶತಮಾನದ ಕೊನೆಯಲ್ಲಿ, 20ನೇ ಶತಮಾನದ ಶುರುವಿನಲ್ಲಿ ಎಷ್ಟೋ ರೇಷ್ಮೆಗೆ ತೂಕ ಬರಲಿ ಅಂತ ತವರದ, ಕಬ್ಬಿಣದ ಲವಣ ಕುಡಿಸುತ್ತಿದ್ದರು. ಅಂಥದ್ದು ಈಗ ಉದ್ದುದ್ದಕ್ಕೆ ಸೀಳುತ್ತದೆ, ಮಡಿಕೆ ಇದ್ದಲ್ಲಿ ಪುಡಿಯಾಗುತ್ತದೆ. ಅದಕ್ಕೆ ಹಾಕಿದ ಒಂದೊಂದು ಹೊಲಿಗೆಯೂ ಹೊಸ ಸೀಳು. ಹಿಂದೆ ಮೆತ್ತನೆಯ ಹಾಸು ಕೊಟ್ಟು, ಮುಂದಿನಿಂದ ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಹಗುರಾಗಿ ಒತ್ತಿ ಹಿಡಿಯುವ ಹಾಗೆ ಕೂರಿಸುವುದು ಅದಕ್ಕಿರುವ ಒಂದು ದಾರಿ.

ಉಳಿದ ಯಾವ ಬಟ್ಟೆಗೂ ಗಾಜು ತಾಗಲೇಬಾರದು. ಗಾಜಿನ ಒಳಗೆ ತೇವ ಕಟ್ಟಿದರೆ ಬೂಷ್ಟು ಶುರುವಾಗುತ್ತದೆ, ಹಾಗಾಗಿ ನಡುವೆ ಪಟ್ಟಿ ಕೊಟ್ಟು ಜಾಗ ಬಿಡಿಸಿ. ಅಕ್ರಿಲಿಕ್ ಹಗುರ, ಬಿದ್ದರೂ ಚೂರಾಗುವುದಿಲ್ಲ, ನಿಜ. ಆದರೆ ಒಣಬಟ್ಟೆಯಲ್ಲಿ ಒರೆಸಿದರೆ ಅದರಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಸಡಿಲ ನೂಲನ್ನು, ಉದುರುವ ಬಣ್ಣವನ್ನು ತನ್ನ ಕಡೆಗೆ ಎಳೆಯುತ್ತದೆ. ಅಂಥ ಕಡೆ ಗಾಜೇ ಮೇಲು. ಬಟ್ಟೆ ಕೆಡಿಸುವ ಆಸಿಡ್ ಮರದಿಂದಲೂ ಹೊರಬರುತ್ತದೆ, ಫ್ರೇಮಿನ ಒಳಬದಿಗೆ ಲೋಹದ ಹಾಳೆಯ ಪಟ್ಟಿ ಹಚ್ಚಿಸಿ.

ಇನ್ನು ಬೆಳಕು. ಯು.ವಿ. (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಕಿರಣ) ತಡೆಯುವ ಗಾಜು ಹಾಕಿಸಿದೆ, ಇನ್ನೇನು ಚಿಂತೆಯಿಲ್ಲ ಅಂತ ಸುಮ್ನೆ ಕೂರಬೇಡಿ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ, ಹೋದ ಬಣ್ಣ ವಾಪಸ್ ಬರುವುದಿಲ್ಲ. ಮ್ಯೂಸಿಯಂಗಳು ಇಂಥ ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಮಿತಿ ಇಟ್ಟುಕೊಳ್ಳುತ್ತವೆ, ಅದು ಮಬ್ಬು ಬೆಳಕು. ಕೆಲವು ತಿಂಗಳು ಗೋಡೆಯ ಮೇಲಿಟ್ಟು, ಆಮೇಲೆ ಇಳಿಸಿ ಕತ್ತಲಲ್ಲಿಡುವುದು ನನಗೆ ಸರಿ ಅನ್ನಿಸುತ್ತದೆ.

ಫ್ರೇಮಿಗೆ ಕೊಡುವ ಮುಂಚೆ ಚೆಂದ ಕಾಣಲಿ ಅಂತ ತೊಳೆಯಬೇಡಿ, ಜರಿಗೆ ಪಾಲಿಶ್ ಹಾಕಬೇಡಿ. ಮುಟ್ಟಿದರೆ ಉದುರುವಂತಿದ್ದರೆ ಬಟ್ಟೆ ಸಂರಕ್ಷಣೆ ಕಲಿತವರ ಹತ್ತಿರವೇ ಹೋಗಿ.